ಕ್ರಿಸ್ಮಸ್ಸಿಗೆ ಕೂಸು ಬಂತು

ಡಿಸೆಂಬರ್ ಬಂತೆಂದರೆ ಕರಾವಳಿಯ ಕ್ರೈಸ್ತ ಮನೆಗಳಿಗೆ ದುಬೈ, ಮಸ್ಕತ್, ಕುವೈತ್‌ಗಳಿಂದ ಮಕ್ಕಳು ಮರಳುತ್ತಾರೆ. ಈ ಸಲ ಕೈಯಲ್ಲೊಂದು ಹೊಸ ಕೂಸು. ನೋಡಲು ಕಾದವರು ಊರು ತುಂಬ. ರಜೆ ಮಾತ್ರ ಬೆರಳೆಣಿಕೆ ದಿನ. ಯಾರ ಮನೆಗೆ ಹೋಗಬೇಕು, ಯಾರನ್ನು ಕರೆಯಬೇಕು?

ಬೆಳಗಿನ ಜಾವ. ಬಜ್ಪೆ ವಿಮಾನ ನಿಲ್ದಾಣದ ಆಗಮನ ದ್ವಾರದೆದುರು ಕಂಬಿಗೆ ಒರಗಿ ನಿಂತವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಗಾಜಿನ ಬಾಗಿಲು ಸರಿದಾಗಲೆಲ್ಲ ಎಲ್ಲರೂ ಕತ್ತು ಉದ್ದ ಮಾಡಿ ಇಣುಕುತ್ತಾರೆ. ಟ್ರಾಲಿಯಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಮಡಚಿಟ್ಟ ಮಗುವಿನ ಗಾಡಿ, ಹಿಂದಿನಿಂದ ನಿದ್ದೆಗೆಟ್ಟ ತಾಯಿ, ಅವಳ ಹೆಗಲ ಮೇಲೆ ಎಂಟು ತಿಂಗಳ ಕೂಸು.

ಅಜ್ಜಿ ಎರಡೂ ಕೈ ಚಾಚುತ್ತಾಳೆ. ದಿನಾ ಸಂಜೆ ಮೊಬೈಲಿನಲ್ಲಿ ಇದೇ ಮುಖ ನೋಡಿ ಕೇಕೆ ಹಾಕುತ್ತಿದ್ದ ಕೂಸು ಈಗ ತುಟಿ ಸೊಟ್ಟ ಮಾಡುತ್ತದೆ. ತಾಯಿಯ ಕುತ್ತಿಗೆಗೆ ಮುಖ ಒತ್ತಿ ಜೋರಾಗಿ ಅಳತೊಡಗುತ್ತದೆ. ಚಾಚಿದ ಕೈ ನಿಧಾನವಾಗಿ ಕೆಳಗಿಳಿಯುತ್ತದೆ.

ಆ ಅಜ್ಜಿಗೆ ಯಾರಾದರೂ ಹೇಳಬೇಕು: ಇದು ಮುನಿಸಲ್ಲ, ಅಪಶಕುನವೂ ಅಲ್ಲ. ಆರೇಳು ತಿಂಗಳು ದಾಟುತ್ತಿದ್ದಂತೆ ಮಗು ತನ್ನವರನ್ನೂ ಹೊಸಬರನ್ನೂ ಬೇರೆ ಮಾಡಿ ಗುರುತಿಸಲು ಕಲಿಯುತ್ತದೆ. ಹೊಸ ಕೈ ಬಂದರೆ ಅಳುವುದು ಬುದ್ಧಿ ಬೆಳೆಯುತ್ತಿರುವುದರ ಲಕ್ಷಣ. ಪರದೆಯ ಮೇಲೆ ಕಂಡ ಮುಖಕ್ಕೆ ವಾಸನೆ ಇರಲಿಲ್ಲ, ಬಿಸುಪಿರಲಿಲ್ಲ. ಅರ್ಧ ದಿನ ಬಿಟ್ಟರೆ, ತಾಯಿಯ ಪಕ್ಕದಲ್ಲೇ ಕುಳಿತು ಮೆಲ್ಲ ಮಾತಾಡಿಸಿದರೆ, ಸಂಜೆಯ ಹೊತ್ತಿಗೆ ಅದೇ ಕೂಸು ಅಜ್ಜಿಯ ಕನ್ನಡಕಕ್ಕೆ ಕೈ ಹಾಕುತ್ತದೆ.

ಡಿಸೆಂಬರಿನಲ್ಲೇ ಏಕೆ?

ಈ ವಿಮಾನ ನಿಲ್ದಾಣಕ್ಕೂ ಕ್ರಿಸ್ಮಸ್ಸಿಗೂ ಹಳೆಯ ನಂಟು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟಾ ಇಲ್ಲಿ ಇಳಿದಾಗಲೇ ಬಜ್ಪೆ ನಿಲ್ದಾಣ ತೆರೆದದ್ದು. ಕೊಲ್ಲಿ ದೇಶಗಳಿಗೆ ನೇರ ವಿಮಾನ ಬರಲು 2006ರವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಗಲ್ಫಿನಿಂದ ಬರುವವರು ಮುಂಬಯಿಯಲ್ಲೋ ಬೇರೆ ಊರಲ್ಲೋ ಇಳಿದು, ಮತ್ತೆ ಬಸ್ಸು ಹಿಡಿದು, ಎಳೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಳೆಯುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಮುಂಬಯಿಯವರಿಗೆ ಸ್ವಲ್ಪ ನೆಮ್ಮದಿಯಾಯಿತು.

ಮಂಗಳೂರಿನ ಕೊಂಕಣಿ ಕೆಥೊಲಿಕರಿಗೆ ವಲಸೆ ಹೊಸದಲ್ಲ. ಅವರ ಹಿರಿಯರು ಗೋವೆಯಿಂದ ಬಂದು ಇಲ್ಲಿ ಗದ್ದೆ ತೋಟ ಮಾಡಿದವರು. ಮಕ್ಕಳು ಮುಂಬಯಿಗೆ ಹೋದರು, ಮೊಮ್ಮಕ್ಕಳು ಗಲ್ಫಿಗೆ, ಈಗಿನವರು ಇಸ್ರೇಲ್, ಐರ್ಲೆಂಡ್, ಕೆನಡಾಕ್ಕೂ. ಶಿರ್ವ, ಶಂಕರಪುರ, ಮೂಡುಬಿದಿರೆ, ಬೆಳ್ತಂಗಡಿ ಕಡೆಗಳಲ್ಲಿ ದೊಡ್ಡ ಮನೆ, ದೊಡ್ಡ ಗೇಟು, ಒಳಗೆ ಇಬ್ಬರೇ ಹಿರಿಯರು ಇರುವ ದೃಶ್ಯ ಸಾಮಾನ್ಯ. ಜೋಡಿಯಲ್ಲಿ ಒಬ್ಬರು ಹೋಗಿದ್ದರೆ ಆ ಮನೆಯಲ್ಲಿ ಒಂದೇ ಜೀವ, ಒಂದು ನಾಯಿ, ಹೊತ್ತಿಗೆ ಬಂದು ಹೋಗುವ ಕೆಲಸದವಳು.

ಡಿಸೆಂಬರಿನಲ್ಲಿ ಆ ಮನೆಯ ಎಲ್ಲ ಕೋಣೆಗಳಲ್ಲೂ ದೀಪ ಉರಿಯುತ್ತದೆ. ಮಳೆಯಿಲ್ಲ, ಸೆಕೆ ಕಡಿಮೆ, ಗಲ್ಫಿನ ಶಾಲೆಗಳಿಗೆ ಚಳಿಗಾಲದ ರಜೆ. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ವಾರ ಆಗಮನ ಕಾಲವಾದ್ದರಿಂದ ಮದುವೆಗಳು ನಿಂತಿರುತ್ತವೆ. ಹಬ್ಬ ಮುಗಿದ ಮರುದಿನದಿಂದಲೇ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಮದುವೆ, ಗೃಹಪ್ರವೇಶ ಸಾಲುಗಟ್ಟುತ್ತವೆ. ಎಲ್ಲ ಬಂಧುಗಳೂ ಊರಲ್ಲಿರುವ ದಿನಗಳೆಂದು ಮಗುವಿನ ದೀಕ್ಷಾಸ್ನಾನವನ್ನೂ ಇದೇ ರಜೆಗೆ ಹೊಂದಿಸುವವರು ಬಹಳ.

ಕೊರೊನಾ ಕಾಲದಲ್ಲಿ ಈ ವಾಡಿಕೆ ಮುರಿದು ಬಿತ್ತು. 2020ರ ಮಾರ್ಚಿನಲ್ಲಿ ನಿಂತ ನಿಗದಿತ ಅಂತರರಾಷ್ಟ್ರೀಯ ವಿಮಾನಗಳು ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ನಡುವೆ ಎರಡು ಕ್ರಿಸ್ಮಸ್ ಬಂದು ಹೋದವು. ವಿಶೇಷ ವಿಮಾನಗಳಿದ್ದರೂ ಎಳೆಯ ಮಗುವನ್ನು ಕರೆದುಕೊಂಡು ಹೊರಡುವ ಧೈರ್ಯ ಅನೇಕರಿಗೆ ಬರಲಿಲ್ಲ. ಆಗ ಹುಟ್ಟಿದ ಎಷ್ಟೋ ಮಕ್ಕಳು ಅಜ್ಜನ ಮನೆಯ ಜಗಲಿಗೆ ಮೊದಲ ಸಲ ಬಂದದ್ದು ತಮ್ಮ ಕಾಲಲ್ಲೇ ನಡೆದುಕೊಂಡು. ಎತ್ತಿ ಆಡಿಸುವ ವಯಸ್ಸು ಅಷ್ಟರಲ್ಲಿ ದಾಟಿತ್ತು. ಕೆಲವು ಮನೆಗಳಲ್ಲಿ ಕಾದಿದ್ದ ಅಜ್ಜನೂ ಉಳಿದಿರಲಿಲ್ಲ.

> ಹೊರಡುವ ಮುನ್ನ: ಕೂಸಿನ ಕಾಗದಪತ್ರ
>
> • ಭಾರತೀಯ ತಂದೆತಾಯಿಗೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಒಂದು ವರ್ಷದೊಳಗೆ ನೋಂದಾಯಿಸಬೇಕು.
>
> • ಎಷ್ಟೇ ಸಣ್ಣ ಮಗುವಾದರೂ ಅದಕ್ಕೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಮಕ್ಕಳ ಪಾಸ್‌ಪೋರ್ಟಿನ ಅವಧಿ 5 ವರ್ಷ.
>
> • ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ವೀಸಾ ಮಾಡಿಸಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೆರಿಗೆಯಾದವರು ಈ ಲೆಕ್ಕ ಹಾಕಿಯೇ ಟಿಕೆಟ್ ಮಾಡಬೇಕು.
>
> • 2 ವರ್ಷ ತುಂಬದ ಮಗು ಮಡಿಲಲ್ಲಿ ಕುಳಿತು ಪ್ರಯಾಣಿಸಬಹುದು. ವಿಮಾನ ಇಳಿಯುವಾಗ ಹಾಲು ಕುಡಿಸಿದರೆ ಕಿವಿನೋವು ಕಡಿಮೆ.

ಪಟ್ಟಿ ಬೆಳೆಯುತ್ತದೆ

ಬಂದ ಮರುದಿನವೇ ಪಟ್ಟಿ ಶುರು. ಗಂಡನ ಸೋದರತ್ತೆ ಬೆಂದೂರಿನಲ್ಲಿ, ಚಿಕ್ಕಮ್ಮ ಮೂಡುಬಿದಿರೆಯಲ್ಲಿ, ದೊಡ್ಡಪ್ಪ ಶಂಕರಪುರದಲ್ಲಿ, ತಾಯಿಮನೆ ಬೆಳ್ತಂಗಡಿ. ಅತ್ತೂರು ಚರ್ಚಿಗೊಂದು ಹರಕೆ ಇದೆ. ದೀಕ್ಷಾಸ್ನಾನಕ್ಕೆ ಬರಲಾಗದವರ ಮನೆಗೆ ಹೋಗಿ ಬರಬೇಕು. ಹೋಗದಿದ್ದರೆ ಬರುವ ಮಾತು ಎಲ್ಲರಿಗೂ ಗೊತ್ತು: ‘ಬಂದು ಒಂದು ವಾರ ಆಯ್ತಂತೆ, ನಮ್ಮಲ್ಲಿಗೆ ಬರ್ಲಿಕ್ಕೆ ಮಾತ್ರ ಪುರುಸೊತ್ತು ಆಗ್ಲಿಲ್ಲ ಅಲ್ವಾ?’

ಈ ಮಾತಿನ ಹಿಂದೆ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಆದರೆ ಅದರ ಭಾರವನ್ನು ಹೊರುವುದು ಕೂಸು. ನಾಲ್ಕರಿಂದ ಹನ್ನೆರಡು ತಿಂಗಳ ಮಗುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ತಾಸು ನಿದ್ದೆ ಬೇಕು. ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಊಟಕ್ಕೆ ಇನ್ನೊಂದು, ಸಂಜೆ ಚಹಾಕ್ಕೆ ಮತ್ತೊಂದು ಎಂದು ಹೊರಟರೆ ಆ ನಿದ್ದೆಗೆ ಜಾಗವೆಲ್ಲಿ? ಪ್ರತಿ ಮನೆಯಲ್ಲಿ ಹೊಸ ವಾಸನೆ, ಹೊಸ ಸದ್ದು, ಕೆನ್ನೆ ಹಿಂಡುವ ಹೊಸ ಬೆರಳು. ಮೂರನೆಯ ಮನೆಯಲ್ಲಿ ಮಗು ಹಿಡಿದ ಹಟಕ್ಕೆ ‘ನಿನ್ನ ಮಗುವಿಗೆ ಕೋಪ ಜಾಸ್ತಿ’ ಎಂಬ ಪಟ್ಟವೂ ಸಿಗುತ್ತದೆ.

ತಾಯಿಯ ಪಾಡು ಬೇರೆ. ಯುಎಇಯ ಖಾಸಗಿ ಕಂಪನಿಗಳಲ್ಲಿ ಹೆರಿಗೆ ರಜೆ 60 ದಿನ. ಅದರಲ್ಲಿ 45 ದಿನಕ್ಕೆ ಪೂರ್ತಿ ಸಂಬಳ, ಉಳಿದದ್ದಕ್ಕೆ ಅರ್ಧ. ಎರಡು ತಿಂಗಳ ಕೂಸನ್ನು ಬಿಟ್ಟು ಕೆಲಸಕ್ಕೆ ಮರಳಿ, ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿ ದುಡಿದು, ಕೊನೆಗೂ ತಾಯಿಮನೆಗೆ ಬಂದವಳು ಅವಳು. ಅವಳಿಗೆ ಬೇಕಿರುವುದು ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ಮಧ್ಯಾಹ್ನದ ಪೂರ್ತಿ ನಿದ್ದೆ. ಸಿಗುವುದು ಬ್ಯಾಗು ತುಂಬಿ ಕಾರು ಹತ್ತುವ ಕೆಲಸ.

ಈ ತಿರುಗಾಟವನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೋಡಬೇಕೆನ್ನುವವರು ಮಗು ಇರುವಲ್ಲಿಗೆ ಬರಲಿ. ಬರಲಾಗದ ಹಿರಿಯರ ಬಳಿಗೆ ಮಾತ್ರ ಮಗು ಹೋಗಲಿ.

ಬೆತ್ಲೆಹೇಮಿನ ದಾರಿ

ಇದಕ್ಕೆ ಆಧಾರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪ್ರತಿ ಮನೆಯ ಅಂಗಳದಲ್ಲಿ ಈ ದಿನಗಳಲ್ಲಿ ಎದ್ದು ನಿಲ್ಲುವ ಗೋದಲಿಯನ್ನೇ ನೋಡಬಹುದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಹುಲ್ಲು, ದನ, ಕತ್ತೆಗಳ ನಡುವೆ ಕ್ರಿಸ್ತಜನನದ ದೃಶ್ಯ ಕಟ್ಟಿದ್ದರಿಂದ ಈ ಪದ್ಧತಿ ಹಬ್ಬಿತು. ನಮ್ಮಲ್ಲಿ ಬೈಹುಲ್ಲು ಹೊದಿಸಿ, ಟಿನ್ನಿನ ಡಬ್ಬಿಯಲ್ಲಿ ಭತ್ತ ಮೊಳಕೆ ಬರಿಸಿ ಗದ್ದೆ ಮಾಡಿ, ಮೇಲೊಂದು ನಕ್ಷತ್ರ ತೂಗುತ್ತಾರೆ.

ಕ್ರಿಸ್ಮಸ್ಸಿನ ಮೂಲ ಕಥೆಯೇ ಊರಿಗೆ ಹೊರಟ ಒಂದು ಸಣ್ಣ ಸಂಸಾರದ್ದು. ಚಕ್ರವರ್ತಿ ಜನಗಣತಿಗೆ ಆಜ್ಞೆ ಮಾಡಿದ. ಪ್ರತಿಯೊಬ್ಬರೂ ತಂತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು. ಜೋಸೆಫ್ ತುಂಬು ಗರ್ಭಿಣಿ ಮರಿಯಳೊಂದಿಗೆ ನಜರೇತಿನಿಂದ 100 ಕಿ.ಮೀ.ಗೂ ದೂರದ ಬೆತ್ಲೆಹೇಮಿಗೆ ಹೊರಟ. ಹಿರಿಯರ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಕೂಸನ್ನು ದನದ ಮೇವಿನ ತೊಟ್ಟಿಯಲ್ಲಿ ಮಲಗಿಸಿದರು.

ಮುಂದೆ ಏನಾಯಿತೆಂಬುದನ್ನು ಗಮನವಿಟ್ಟು ಓದಬೇಕು. ಕುರುಬರು ಕೂಸು ಇದ್ದಲ್ಲಿಗೆ ಬಂದರು. ಪೂರ್ವದ ಜ್ಞಾನಿಗಳೂ ದೂರದಿಂದ ನಡೆದು, ಕೂಸು ಇದ್ದಲ್ಲಿಗೇ ಬಂದರು. ಮರಿಯಳು ಬಾಣಂತಿ ಮೈಯಲ್ಲಿ ಮನೆಮನೆ ಸುತ್ತಲಿಲ್ಲ. ನಲವತ್ತು ದಿನ ಕಳೆದ ಮೇಲೆ ದೇವಾಲಯಕ್ಕೆ ಹೋದಾಗ ಅಲ್ಲಿ ಕಾದಿದ್ದವರಿಬ್ಬರು. ಸಿಮೆಯೋನ ಕೂಸನ್ನು ತೋಳಲ್ಲಿ ಎತ್ತಿಕೊಂಡು, ಇನ್ನು ನೆಮ್ಮದಿಯಿಂದ ಕಣ್ಣು ಮುಚ್ಚಬಹುದೆಂದ. ಎಂಬತ್ತನಾಲ್ಕರ ವಿಧವೆ ಅನ್ನಳು ದೇವರನ್ನು ಕೊಂಡಾಡಿ, ಬಂದವರಿಗೆಲ್ಲ ಆ ಮಗುವಿನ ಸುದ್ದಿ ಹೇಳಿದಳು.

ನಮ್ಮ ಊರುಗಳಲ್ಲಿ ಇಂಥ ಸಿಮೆಯೋನರು, ಅನ್ನಳಂಥವರು ಎಷ್ಟೋ ಮಂದಿ ಇದ್ದಾರೆ. ಹಾಸಿಗೆ ಹಿಡಿದ ಮುತ್ತಜ್ಜಿ. ಕಣ್ಣು ಮಂಜಾದ ದೊಡ್ಡಪ್ಪ. ಅವರಿಗೆ ಫೋಟೊ ಕಾಣುವುದಿಲ್ಲ, ವಿಡಿಯೊ ಕಾಲ್ ತಿಳಿಯುವುದಿಲ್ಲ. ಕೂಸಿನ ಕಾಲನ್ನು ಅಂಗೈಯಲ್ಲಿ ಹಿಡಿದರೆ ಮಾತ್ರ ವಂಶ ಮುಂದುವರಿಯಿತೆಂದು ಅವರಿಗೆ ಗೊತ್ತಾಗುವುದು.

ಬಚ್ಚಲಲ್ಲಿ ಅಜ್ಜಿ

ಒಂದೇ ಮನೆಯಲ್ಲಿ ನೆಲೆ ನಿಂತರೆ ಏನು ಸಿಗುತ್ತದೆಂಬುದನ್ನು ಬೆಳ್ತಂಗಡಿ ಕಡೆಯ ಒಂದು ಹಳೆಯ ಹಂಚಿನ ಮನೆಯಲ್ಲಿ ನೋಡಿದೆ.

ಬೆಳಿಗ್ಗೆ ಎಂಟರ ಹೊತ್ತು. ಒಲೆಗೆ ತೆಂಗಿನ ಗೆರಟೆ ಒಟ್ಟಿ ಹಂಡೆ ನೀರು ಕಾಯಿಸಿದ್ದರು. ಅಜ್ಜಿ ಮಣೆಯ ಮೇಲೆ ಕುಳಿತು ಕಾಲು ನೀಡಿದರು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಮಗುವನ್ನು ಎರಡು ಕಣಕಾಲುಗಳ ನಡುವೆ ಅಂಗಾತ ಮಲಗಿಸಿಕೊಂಡರು. ಉಗುರು ಬೆಚ್ಚಗಿನ ತೆಂಗಿನೆಣ್ಣೆ ಅಂಗೈಗೆ ಹಾಕಿ, ಎರಡೂ ಕೈ ಉಜ್ಜಿ, ಎದೆಯಿಂದ ತೋಳಿಗೆ, ತೋಳಿನಿಂದ ಬೆರಳಿಗೆ ಎಳೆದರು. ಪ್ರತಿ ಬೆರಳನ್ನೂ ಬಿಡಿಸಿ ಬಿಡಿಸಿ ತಿಕ್ಕಿದರು. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿದರು. ಮಗು ಅಜ್ಜಿಯ ಮುಖವನ್ನೇ ನೋಡುತ್ತಿತ್ತು. ಅಜ್ಜಿ ಕೊಂಕಣಿಯಲ್ಲಿ ಅದರ ಅಪ್ಪನ ಬಾಲ್ಯದ ಕಥೆ ಹೇಳುತ್ತಿದ್ದರು: ಇದೇ ಬಚ್ಚಲು, ಇದೇ ಮಣೆ, ಇದೇ ಅಳು.

ಮೊಣಕೈಯಿಂದ ನೀರಿನ ಬಿಸಿ ನೋಡಿದರು. ಮಗುಚಿ ಹಾಕಿ ಬೆನ್ನಿಗೆ ನೀರು ಸುರಿದರು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡದ್ದೇ, ಕೂಸು ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಯಿತು. ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕುವುದೂ ನಡೆಯಿತು. ದೃಷ್ಟಿ ತೆಗೆಯುವುದರಲ್ಲಿ ಕರಾವಳಿಯ ಕ್ರೈಸ್ತ ಅಜ್ಜಿಗೂ ಹಿಂದೂ ಅಜ್ಜಿಗೂ ವ್ಯತ್ಯಾಸವಿಲ್ಲ.

ಎರಡು ಸಂಗತಿ ಮಾತ್ರ ಅಜ್ಜಿಯಂದಿರಿಗೆ ವಿನಯದಿಂದ ಹೇಳಬೇಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಅದು ಶ್ವಾಸಕೋಶಕ್ಕೆ ಇಳಿಯಬಹುದು, ಸೋಂಕಿಗೂ ದಾರಿ. ಮೂಗಿಗೆ ಬಾಯಿಂದ ಊದುವುದೂ ಬೇಡ. ಉಳಿದಂತೆ ಆ ಕೈಗಳಿಗೆ ಕಲಿಸಬೇಕಾದದ್ದು ಏನೂ ಇಲ್ಲ.

> ಕುಸ್ವಾರ್ ತಟ್ಟೆ: ಕೂಸಿಗೆ ಯಾವುದು ಬೇಡ?
>
> • ಎಳ್ಳು, ತೆಂಗಿನಕಾಯಿ, ಸಕ್ಕರೆ ತುಂಬಿದ ನೆವ್ರಿ, ಸಕ್ಕರೆ ಪಾಕ ಹತ್ತಿಸಿದ ಕಿಡಿಯೊ, ಅಚ್ಚಿನಲ್ಲಿ ಕರಿದ ಗುಲಾಬಿ ಹೂವಿನ ಕೊಕ್ಕಿಸಾಂ, ಗುಳಿಯೊ, ತುಕ್ಡಿ, ಚಕ್ಕುಲಿ, ಎಳ್ಳುಂಡೆ: ಇದು ಕುಸ್ವಾರ್. ಕ್ರಿಸ್ಮಸ್ಸಿಗೆ ನೆರೆಮನೆಗಳಿಗೆಲ್ಲ ಜಾತಿ ಮತ ನೋಡದೆ ಹೋಗುವ ತಟ್ಟೆ.
>
> • ವರ್ಷ ತುಂಬುವ ತನಕ ಮಗುವಿಗೆ ಸಕ್ಕರೆ, ಉಪ್ಪು ಬೇಡ. ಜೇನು ಖಂಡಿತ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ನರಗಳಿಗೆ ಅಪಾಯ.
>
> • ರಮ್ಮಿನಲ್ಲಿ ನೆನೆಸಿದ ಹಣ್ಣಿನ ಪ್ಲಮ್ ಕೇಕ್ ಒಂದು ಚೂರೂ ಬೇಡ. ಗೇರುಬೀಜ, ನೆಲಗಡಲೆಯಂಥ ಇಡೀ ಕಾಳು ಗಂಟಲಲ್ಲಿ ಸಿಕ್ಕಿಬೀಳುತ್ತದೆ.
>
> • ಆರು ತಿಂಗಳ ತನಕ ಎದೆಹಾಲು ಮಾತ್ರ. ಆಮೇಲೆ ಸಕ್ಕರೆ ಬೆಲ್ಲ ಹಾಕದ ರಾಗಿ ಮಣ್ಣಿ, ನೇಂದ್ರ ಬಾಳೆ, ಮೆತ್ತಗೆ ಬೇಯಿಸಿ ನುರಿದ ಗಂಜಿ.

ಹಳೆಯ ಗೆಳತಿಯರು

ಬಂಧುಗಳ ನಡುವೆ ಸೊರಗುವುದು ಗೆಳೆತನ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು, ಒಂದೇ ಬಸ್ಸಿನಲ್ಲಿ ನೇತಾಡಿದವರು. ಒಬ್ಬಳು ಪುತ್ತೂರಿನಲ್ಲಿ ಬ್ಯಾಂಕ್ ಕೆಲಸ, ಇನ್ನೊಬ್ಬಳು ಉಳ್ಳಾಲದಲ್ಲಿ ಟೀಚರ್. ಒಬ್ಬಳಿಗೆ ಮದುವೆ ಬೇಡವೆನಿಸಿದೆ; ಒಬ್ಬಳು ಮಗುವಿಗಾಗಿ ವರ್ಷಗಳಿಂದ ಆಸ್ಪತ್ರೆ ಅಲೆಯುತ್ತಿದ್ದಾಳೆ. ಕೂಸನ್ನು ಎತ್ತಿಕೊಂಡು ಇವರೆದುರು ಹೋಗುವಾಗ ತಾಯಿಯ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ.

ಹೋಟೆಲಿನಲ್ಲಿ ಸೇರೋಣ ಎಂದು ಗೊತ್ತು ಮಾಡುತ್ತಾರೆ. ಎತ್ತರದ ಹಾಡು, ಹೊಗೆ, ಬದಲಾಯಿಸಲು ಜಾಗವಿಲ್ಲದ ಡೈಪರು. ಅರ್ಧ ಗಂಟೆಯಲ್ಲಿ ಕೂಸು ಕಿರಿಕಿರಿ ಶುರು ಮಾಡುತ್ತದೆ. ವರ್ಷದ ಮಾತು ಬಾಯಲ್ಲೇ ಉಳಿದು ಸಭೆ ಮುಗಿಯುತ್ತದೆ. ಮನೆಗೆ ಕರೆಯಿರಿ. ಬರುವ ಗೆಳತಿ ಕೇಕು ಆಟಿಕೆ ತರದಿದ್ದರೂ ಪರವಾಗಿಲ್ಲ. ಮಸ್ಕತ್ತಿನಿಂದ ಬಂದ ನನ್ನ ಸಹಪಾಠಿಯೊಬ್ಬಳಿಗೆ ಆ ಕ್ರಿಸ್ಮಸ್ಸಿನಲ್ಲಿ ಸಿಕ್ಕ ಅತಿ ದೊಡ್ಡ ಉಡುಗೊರೆ ಒಂದು ಮಾತು. ಮಗುವಿಲ್ಲದ ಗೆಳತಿಯೇ ಅದನ್ನು ಹೇಳಿದ್ದು: ‘ನೀನು ಹೋಗಿ ಮಲಗು ಮಾರಾಯ್ತಿ, ಇವನನ್ನು ನಾನು ನೋಡಿಕೊಳ್ತೇನೆ.’ ಅವಳು ಮಲಗಿ ಎದ್ದಾಗ ಸೀರೆಯ ಜೋಲಿಯಲ್ಲಿ ಕೂಸು, ಪಕ್ಕದಲ್ಲಿ ತೂಗುತ್ತಾ ಕುಳಿತ ಗೆಳತಿ. ಇಬ್ಬರೂ ಆಮೇಲೆ ಕತ್ತಲಾಗುವ ತನಕ ಮಾತಾಡಿದರು. ಮಗುವಿನ ಬಗ್ಗೆ ಮಾತ್ರವಲ್ಲ. ಆಸ್ಪತ್ರೆಯ ಬಗ್ಗೆ, ಅತ್ತೆಯ ಬಗ್ಗೆ, ಹಳೆಯ ಮೇಷ್ಟ್ರ ಬಗ್ಗೆ. ಮಗು ಹುಟ್ಟಿದ ಮೇಲೆ ತನ್ನ ಹೆಸರು ಹಿಡಿದು ಯಾರೂ ಅಷ್ಟು ಹೊತ್ತು ಮಾತಾಡಿಸಿರಲಿಲ್ಲ ಎಂದಳು ಸಹಪಾಠಿ.

ಕರೆಯಲು ಆಗದವರು ಸಿಗುವ ಜಾಗ ಚರ್ಚಿನ ವಠಾರ. ನಡುರಾತ್ರಿಯ ಪೂಜೆಯನ್ನು ಈಗ ಅನೇಕ ಚರ್ಚುಗಳಲ್ಲಿ ಡಿಸೆಂಬರ್ 24ರ ಸಂಜೆಗೇ ತಂದಿರುವುದು ಎಳೆಮಕ್ಕಳ ತಾಯಂದಿರಿಗೆ ದೊಡ್ಡ ಉಪಕಾರ. ಪೂಜೆ ಮುಗಿದು ಕಾಫಿ, ಕೇಕು, ಮಕ್ಕಳ ನೃತ್ಯ ನಡೆಯುವಾಗ ಊರಿನ ಅರ್ಧ ಮಂದಿ ಅಲ್ಲೇ ಸಿಗುತ್ತಾರೆ. ಪೂಜೆಯ ನಡುವೆ ಕೂಸು ಅತ್ತರೆ ನಾಚಿ ಹೊರಗೆ ಓಡಬೇಕಾಗಿಲ್ಲ. ಪೋಪ್ ಫ್ರಾನ್ಸಿಸ್ ಸಿಸ್ಟೀನ್ ಚಾಪೆಲ್‌ನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವಾಗ, ಹಸಿದ ಮಗುವಿಗೆ ಅಲ್ಲೇ ಹಾಲು ಕುಡಿಸಿ ಎಂದು ತಾಯಂದಿರಿಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಮೈಕೆಲ್ಯಾಂಜೆಲೊ ಚಿತ್ರಗಳ ಕೆಳಗೆ ಸಲ್ಲುವುದು ನಮ್ಮ ಹಳ್ಳಿಯ ಚರ್ಚಿನ ಬೆಂಚಿನಲ್ಲೂ ಸಲ್ಲಬೇಕು. ತಿರುಗಿ ನೋಡಿ ಹುಬ್ಬು ಗಂಟಿಕ್ಕುವವರು ಇದನ್ನು ನೆನಪಿಡಲಿ.

> ಕಾರಿನಲ್ಲಿ, ಕೋಣೆಯಲ್ಲಿ
>
> • ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಕೂರುವುದು ಅಪಾಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂ. ದಂಡ. ಬಾಡಿಗೆ ಕಾರಿನಲ್ಲಿ ಆ ಸೀಟು ಸಿಗುವುದು ಕಷ್ಟ, ಬರುವಾಗಲೇ ತನ್ನಿ.
>
> • ಮಲೇರಿಯಾ, ಡೆಂಗಿ ಕಂಡ ಊರು ನಮ್ಮದು. ಹಗಲಿನ ನಿದ್ದೆಗೂ ಸೊಳ್ಳೆ ಪರದೆ ಕಟ್ಟಿ.
>
> • ಲಸಿಕೆ ಕಾರ್ಡ್ ಜೊತೆಗಿರಲಿ. 6, 10, 14 ವಾರ, 9 ತಿಂಗಳ ಲಸಿಕೆಯ ದಿನ ರಜೆಯಲ್ಲಿ ಬಿದ್ದರೆ ಊರಿನಲ್ಲೇ ಹಾಕಿಸಬಹುದು.

ಬರುವವರಿಗೆ, ಕಾಯುವವರಿಗೆ

ಕೂಸು ನೋಡಲು ಬರುವವರಿಗೊಂದು ಮಾತು. ಕೆಮ್ಮು, ನೆಗಡಿ ಇದ್ದರೆ ಆ ದಿನ ಬರಬೇಡಿ. ದೊಡ್ಡವರಿಗೆ ಬರೀ ನೆಗಡಿಯಾಗಿರುವುದು ಎಳೆಯ ಶ್ವಾಸಕೋಶಕ್ಕೆ ಆಸ್ಪತ್ರೆಯ ದಾರಿ ತೋರಿಸಬಹುದು. ಬಂದವರು ಮೊದಲು ಕೈ ತೊಳೆಯಿರಿ, ಮುಖಕ್ಕೆ ಮುತ್ತು ಕೊಡಬೇಡಿ, ಪಾದಕ್ಕೆ ಕೊಡಿ. ತಾಯಿಯನ್ನು ಕೇಳಿ ಎತ್ತಿಕೊಳ್ಳಿ. ಫೋಟೊ ತೆಗೆದರೆ ಸ್ಟೇಟಸ್‌ಗೆ ಹಾಕುವ ಮುನ್ನ ಕೇಳಿ. ಮುಖವಾಡ ಹಾಕಿದ ಕ್ರಿಸ್ಮಸ್ ತಾತನ ಕೈಗೆ ಅಳುವ ಮಗುವನ್ನು ಬಲವಂತವಾಗಿ ಕೊಡಬೇಡಿ. ಸಪೂರ ಉಂಟು, ಕಪ್ಪು ಉಂಟು, ಇನ್ನೂ ಮಗುಚಲಿಲ್ಲವೇ ಎಂಬ ಮಾತುಗಳನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ.

ಊರಿಗೆ ಬರುವ ತಂದೆತಾಯಿಯರೇ, ಈ ವರ್ಷ ಪಟ್ಟಿ ಬರೆಯುವಾಗ ದೊಡ್ಡ ಮನೆಯವರ, ದೊಡ್ಡ ಉಡುಗೊರೆ ಕೊಟ್ಟವರ ಹೆಸರನ್ನು ಕೆಳಗೆ ಬರೆಯಿರಿ. ಹಾಸಿಗೆಯಿಂದ ಏಳಲಾಗದವರ ಹೆಸರನ್ನು ಮೇಲೆ ಬರೆಯಿರಿ. ಅವರ ಮನೆಗೆ ಮಗು ನಿದ್ದೆ ಮಾಡಿ ಎದ್ದ ಹೊತ್ತಿಗೆ ಹೋಗಿ, ಪಕ್ಕದಲ್ಲಿ ಕುಳಿತು, ಆ ಕೈಗಳಲ್ಲಿ ಕೂಸನ್ನು ಸ್ವಲ್ಪ ಹೊತ್ತು ಬಿಡಿ. ಉಳಿದವರಿಗೆಲ್ಲ ಒಂದೇ ಸಂದೇಶ ಕಳುಹಿಸಿ: ನಾವು ಅಮ್ಮನ ಮನೆಯಲ್ಲಿದ್ದೇವೆ, ಸಂಜೆ ನಾಲ್ಕರ ಮೇಲೆ ಬನ್ನಿ, ಚಹಾ ಮತ್ತು ಕುಸ್ವಾರ್ ಇದೆ.